ಒಂದು ಚಮಚ ಎಣ್ಣೆ

ಜ್ಯೇಷ್ಠ ಮಾಸ ಬಂತೆಂದರೆ ಅಂಕಲಿಯ ನಮ್ಮ ಮನೆಯಲ್ಲಿ ನೆಂಟರ ಗದ್ದಲ. ಜ್ಞಾನೇಶ್ವರ ಮಹಾರಾಜರ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವ ಕುದುರೆಗಳು ನಮ್ಮೂರಿನ ಶಿತೋಳೆ ಸರಕಾರರ ವಾಡೆಯಿಂದಲೇ ಆಳಂದಿಗೆ ಹೊರಡುವುದು. ಕೊರೋನಾದಿಂದ ಎರಡು ವರ್ಷ ನಿಂತಿದ್ದ ಕಾಲ್ನಡಿಗೆಯ ವಾರಿ 2022ರಲ್ಲಿ ಮತ್ತೆ ಹೊರಟಾಗ, ಕುದುರೆಗಳನ್ನು ಕಳಿಸಿಕೊಡುವುದನ್ನು ನೋಡಲೆಂದು ಪುಣೆಯಿಂದ ನನ್ನ ಅಣ್ಣನ ಮಗನೂ ಬಂದಿದ್ದ. ಹೋಗುವಾಗ ಒಂದು ಕಂದು ಬಣ್ಣದ ಬಾಟಲಿ ಕೈಗಿಟ್ಟ.

“ಅತ್ತಿ, ಇದು ಹೆಂಪ್ ಎಣ್ಣಿ ಐತ್ರಿ. ಮೊಣಕಾಲಿಗೆ ಭಾಳ ಚಲೋ ಅಂತ. ದಿನಾ ಒಂದು ಚಮಚಾ ಕುಡೀರಿ.”

ಹೆಂಪ್ ಅಂದರೆ ಏನಪ್ಪಾ ಎಂದೆ. ಗಾಂಜಾ ಗಿಡದ್ದೇ, ಆದರೆ ನಿಶೆ ಬರುವುದಿಲ್ಲ, ಸರಕಾರದ ಪರವಾನಗಿ ಇದೆ ಎಂದ. ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. ಹಸಿರು ಬಣ್ಣ, ಗುರೆಳ್ಳಿನ ಹಾಗೆ ಒಂದು ವಾಸನೆ. ಬಾಟಲಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಏನೇನೋ ಇತ್ತು. ಕನ್ನಡಕ ಕೈಗೆ ಸಿಗಲಿಲ್ಲವೆಂದು ಓದಲಿಲ್ಲ. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು! ಓದದೆ ಬಿಟ್ಟ ಆ ನಾಲ್ಕು ಸಾಲುಗಳ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಮಗಳಿಗೆ ನನ್ನ ಮನೆಯೇ ತವರು. ರಾಯಬಾಗ ಕಡೆ ಕೊಟ್ಟಿದ್ದೇವೆ. ಅವಳ ಆರು ವರ್ಷದ ಮಗಳು ಪುಟ್ಟಿಗೆ ಮೂರನೆಯ ವರ್ಷದಿಂದ ಫಿಟ್ಸು. ಮಾತ್ರೆ ನಡೆದಿತ್ತು, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬರುವಷ್ಟಕ್ಕೆ ಇಳಿದಿತ್ತು. ಆದರೆ ಮಾತ್ರೆಯಿಂದ ಮಗು ತೂಕಡಿಸುತ್ತದೆ, ಶಾಲೆಯಲ್ಲಿ ಹಿಂದೆ ಬೀಳುತ್ತದೆ ಎಂಬುದು ತಾಯಿಯ ಸಂಕಟ. ಆ ವಾರ ಅವಳೂ ಬಂದಿದ್ದಳು. ಬಾಟಲಿ ಕಂಡದ್ದೇ ಅವಳ ಕಣ್ಣು ಅರಳಿತು.

“ದೊಡ್ಡವ್ವಾ, ಫೋನಿನಾಗ ತೋರಸ್ತಾರಲ್ಲ, ಅಮೆರಿಕಾದಾಗ ಒಂದು ಹುಡಿಗಿಗೆ ಫಿಟ್ಸು ನಿಂತ್ವಂತ, ಅದ ಎಣ್ಣಿ ಏನ ಇದು?”

“ಅದ ಇರಬೇಕು ತಗೋ. ನನ್ನ ಮೊಣಕಾಲಿಗಿಂತ ಕೂಸಿಂದು ದೊಡ್ಡದು” ಎಂದೆ. ಬಾಟಲಿ ಅವಳ ಚೀಲ ಸೇರಿತು. ದಾನ ಮಾಡಿದ ಸಮಾಧಾನ ನನಗೆ!

ಆಗಸ್ಟಿನಲ್ಲಿ ನಾಗರ ಪಂಚಮಿಗೆ ತಾಯಿ ಮಗಳು ಬಂದರು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಮುಗಿಸಿ, ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದ್ದೆ. ಅಂದು ರಾತ್ರಿ ಹಾಸಿಗೆಯಲ್ಲಿ ಮಗುವಿನ ಹಲ್ಲು ಕಡಿಯುವ ಸದ್ದು ಕೇಳಿ ದೀಪ ಹಾಕಿದೆ. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಕೈಕಾಲು ಜಗ್ಗುತ್ತಿದ್ದವು. ಪಕ್ಕದ ಮನೆಯವರು ಓಡಿ ಬಂದರು. ಒಬ್ಬರು ಕೀಲಿಕೈ ಹಿಡಿಸಿದರು, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಯಾವಾಗಲೂ ಎರಡು ನಿಮಿಷಕ್ಕೆ ನಿಲ್ಲುತ್ತಿದ್ದುದು ಅಂದು ನಿಲ್ಲಲಿಲ್ಲ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಜೀಪಿನಲ್ಲಿ ಮಿರಜದ ಒಂದು ಆಸ್ಪತ್ರೆಗೆ ಹೊರಟೆವು. ಆ ದಾರಿ ಎಷ್ಟು ಉದ್ದವಿತ್ತೆಂದು ನಾನು ಇಂದಿಗೂ ಹೇಳಲಾರೆ.

ಸೂಜಿಮದ್ದು ಕೊಟ್ಟು ಫಿಟ್ಸು ನಿಲ್ಲಿಸಿದ ಮೇಲೆ ಡಾಕ್ಟರು ಕೇಳಿದ ಮೊದಲ ಮಾತು, ಮಾತ್ರೆ ಬಿಟ್ಟಿದ್ದೀರಾ ಎಂಬುದು. ಮಗಳು ತಲೆ ತಗ್ಗಿಸಿದಳು. ಒಂಬತ್ತು ದಿನವಾಗಿತ್ತಂತೆ. ಎಣ್ಣೆ ಕುಡಿಸುತ್ತ ಮೂರನೆಯ ವಾರ ಮಾತ್ರೆ ಅರ್ಧ ಮಾಡಿದ್ದಳು. ಆ ತಿಂಗಳು ಫಿಟ್ಸು ಬರಲಿಲ್ಲ. ಎಣ್ಣೆಯ ಗುಣವೆಂದುಕೊಂಡು ಪೂರ್ತಿ ನಿಲ್ಲಿಸಿದಳು. ಎಣ್ಣೆ ಯಾರು ಕೊಟ್ಟರು ಎಂದಾಗ ಅವಳು ಬಾಯಿ ಬಿಡಲಿಲ್ಲ. ನನ್ನ ಹೆಸರು ಹೇಳಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ಚುಚ್ಚಿತು. “ನಾನ ಕೊಟ್ಟೀನ್ರಿ” ಎಂದೆ. ಅವಳ ಚೀಲದಿಂದಲೇ ಬಾಟಲಿ ತೆಗೆದು ತೋರಿಸಿದೆ.

ಡಾಕ್ಟರು ಬಾಟಲಿ ತಿರುಗಿಸಿ ಓದಿದರು. “ಬಾಯಾರ, ನೀವು ಶಾಲೀ ಕಲಿಸಿದವರು ಅಂತೀರಿ. ಇದು ಬೀಜದ ಎಣ್ಣಿ ಅಂತ ಇಲ್ಲೇ ಬರದಾರಲ್ಲ. ಇದರಾಗ ಔಷಧ ಎಲ್ಲೈತ್ರಿ? ಅಗಸಿ ಎಣ್ಣಿ ಕುಡಿಸಿ ಮಾತ್ರಿ ಬಿಟ್ಟಂಗ ಆತು.”

ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು. ಮಗು ನಾಲ್ಕನೆಯ ದಿನ ಎದ್ದು ಕೂತು ಉಂಡಿ ಕೇಳಿತು. ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಗಿಡ ಒಂದೇ, ಹೆಸರು ಒಂದೇ. ಹಾಗಾದರೆ ಔಷಧ ಎಲ್ಲಿದೆ? ಮುಂದೆ ಹಲವು ತಿಂಗಳು ಓದಿದೆ, ಪ್ರತಿ ಸಲ ಮಗುವಿನ ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ನನ್ನಂತಹ ದೊಡ್ಡವ್ವಂದಿರು ಊರೂರಲ್ಲಿ ಇದ್ದಾರೆ.

ಪಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುತ್ತವಲ್ಲ, ಈ ಗಿಡದಲ್ಲಿಯೂ ಹಾಗೆಯೇ. ಹೆಣ್ಣು ಗಿಡದ ಹೂಗೊಂಚಲಿನ ಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ರೋಮಗಳು. ಅವುಗಳ ತುದಿಯಲ್ಲಿ ಅಂಟು ರಾಳದ ಹನಿ. ಕ್ಯಾನಬಿನಾಯ್ಡ್ ಎಂದು ಕರೆಯುವ ನೂರಕ್ಕೂ ಹೆಚ್ಚು ವಸ್ತುಗಳು ತಯಾರಾಗುವುದು ಮುಖ್ಯವಾಗಿ ಆ ಹನಿಗಳಲ್ಲಿ. ಎಲೆಯಲ್ಲಿ ಕಡಿಮೆ, ಬೀಜದೊಳಗೆ ಇಲ್ಲವೆಂದೇ ಹೇಳಬೇಕು. ಬೀಜದ ಹೊಟ್ಟಿಗೆ ಹೂವಿನ ಪುಡಿ ಅಂಟಿಕೊಂಡರೆ ಅಷ್ಟೋ ಇಷ್ಟೋ ಬಂದೀತು. ಬೀಜ ಹಿಂಡಿದರೆ ಸಿಗುವುದು ಅಡಿಗೆಯ ಎಣ್ಣೆ. ಹೂವಿನ ರಾಳ ತೆಗೆದರೆ ಸಿಗುವುದು ಸಾರ. ಎರಡಕ್ಕೂ ‘ಹೆಂಪ್ ಎಣ್ಣೆ’ ಎಂದರೆ ನಮ್ಮಂಥವರು ಏನು ಮಾಡಬೇಕು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ರಾಳದಲ್ಲಿ ಎರಡು ಹೆಸರು ಮುಖ್ಯ, ಟಿಎಚ್‌ಸಿ ಮತ್ತು ಸಿಬಿಡಿ. ನಿಶೆ ತರುವುದು ಟಿಎಚ್‌ಸಿ. ಸಿಬಿಡಿಯಿಂದ ನಿಶೆ ಬರುವುದಿಲ್ಲ. ಸೋಜಿಗವೆಂದರೆ ಎರಡರಲ್ಲಿಯೂ ಇರುವ ಪರಮಾಣುಗಳ ಲೆಕ್ಕ ಒಂದೇ. ಇಂಗಾಲ 21, ಜಲಜನಕ 30, ಆಮ್ಲಜನಕ 2. ಜೋಡಣೆ ಮಾತ್ರ ಬೇರೆ. ಟಿಎಚ್‌ಸಿಯಲ್ಲಿ ಒಂದು ಉಂಗುರ ಮುಚ್ಚಿಕೊಂಡಿದೆ, ಸಿಬಿಡಿಯಲ್ಲಿ ಅದೇ ಜಾಗ ತೆರೆದುಕೊಂಡಿದೆ. ‘ಸರ’ ಎಂದು ಬರೆದು ಅಕ್ಷರ ಅದಲುಬದಲು ಮಾಡಿದರೆ ‘ರಸ’ವಾಗುವುದಿಲ್ಲವೇ? ಕೊರಳಿಗೆ ಹಾಕುವುದು ಒಂದು, ಬಾಯಿಗೆ ಹಾಕುವುದು ಇನ್ನೊಂದು.

ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಸಂಗಡಿಗರು 1963ರಲ್ಲಿ ಸಿಬಿಡಿಯ ರಚನೆಯನ್ನು, 1964ರಲ್ಲಿ ಟಿಎಚ್‌ಸಿಯನ್ನು ಬಿಡಿಸಿ ತೋರಿಸಿದರು. 1988ರಲ್ಲಿ ಅಮೆರಿಕದ ಆ್ಯಲಿನ್ ಹೌಲೆಟ್ ಎಂಬ ಮಹಿಳೆ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡಿವೇನ್, ಟಿಎಚ್‌ಸಿ ಹೋಗಿ ಕೂಡುವ ಗ್ರಾಹಕ ಮಿದುಳಿನಲ್ಲಿ ಇದೆ ಎಂದು ತೋರಿಸಿದರು. ಕೀಲಿಯಂತೆ ಅದು, ಟಿಎಚ್‌ಸಿ ಅದಕ್ಕೆ ಕೀಲಿಕೈ. ಕೀಲಿ ಇದ್ದ ಮೇಲೆ ದೇಹದ್ದೇ ಒಂದು ಕೀಲಿಕೈ ಇರಲೇಬೇಕಲ್ಲ! 1992ರಲ್ಲಿ ಅದೂ ಸಿಕ್ಕಿತು. ಅದಕ್ಕೆ ಅವರಿಟ್ಟ ಹೆಸರು ‘ಆನಂದಮೈಡ್’. ನಮ್ಮ ಸಂಸ್ಕೃತದ ‘ಆನಂದ’ವೇ. ಅಂದರೆ ಹಸಿವು, ನೋವು, ನೆನಪು ಇವುಗಳನ್ನು ಹದದಲ್ಲಿಡಲು ದೇಹವೇ ಇಂಥ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಸಿಬಿಡಿ ಆ ಕೀಲಿಗೆ ನೇರವಾಗಿ ಕೂಡುವುದಿಲ್ಲ. ಬೇರೆ ದಾರಿಗಳಿಂದ ಕೆರಳಿದ ನರಗಳನ್ನು ತಣಿಸುತ್ತದೆ. ಆ ದಾರಿಗಳು ಯಾವುವು ಎಂಬುದು ವಿಜ್ಞಾನಿಗಳಿಗೂ ಇನ್ನೂ ಪೂರ್ತಿ ಬಿಡಿಸದ ಒಗಟು.

ಉಳಿದದ್ದು ಅಡಿಗೆಮನೆಯ ಪಾಠ. ಈ ವಸ್ತುಗಳು ನೀರಿಗೆ ಬಿಡುವುದಿಲ್ಲ, ಜಿಡ್ಡಿಗೆ ಬಿಡುತ್ತವೆ. ಒಗ್ಗರಣೆಯ ಎಣ್ಣೆಯಲ್ಲಿ ಇಂಗು ಬಿಚ್ಚಿಕೊಳ್ಳುವ ಹಾಗೆ. ಭಂಗಿಯನ್ನು ಹಿಂದಿನಿಂದಲೂ ಹಾಲು ತುಪ್ಪದಲ್ಲಿಯೇ ಮಾಡುತ್ತ ಬಂದದ್ದು ಇದೇ ಕಾರಣಕ್ಕೆ. ಹಸಿ ಗಿಡದಲ್ಲಿ ಇವು ಆಮ್ಲದ ರೂಪದಲ್ಲಿರುತ್ತವೆ, ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ತಮ್ಮ ನಿಜಗುಣಕ್ಕೆ ಬರುತ್ತವೆ. ಕಾರಖಾನೆಗಳಲ್ಲಿ ಹೂವನ್ನು ಮದ್ಯಸಾರದಲ್ಲಿ ನೆನೆಸಿ, ಇಲ್ಲವೆ ಭಾರೀ ಒತ್ತಡದಲ್ಲಿ ದ್ರವದಂತಾದ ಅದೇ ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ರಾಳ ತೆಗೆಯುತ್ತಾರೆ.

ಫಿಟ್ಸಿನ ವಿಷಯ ಸುಳ್ಳೇ ಎಂದರೆ ಸುಳ್ಳಲ್ಲ. ಅದಕ್ಕೇ ನಾವು ಮೋಸ ಹೋಗುವುದು! 1839ರಷ್ಟು ಹಿಂದೆಯೇ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ಒಶಾಗ್ನೆಸಿ ಈ ಗಿಡದ ಸಾರವನ್ನು ಸೆಳೆವು ಬಂದ ಒಂದು ಎಳೆಗೂಸಿಗೆ ಕೊಟ್ಟು ಬರೆದಿಟ್ಟಿದ್ದರು. 2017ರಲ್ಲಿ ‘ಡ್ರಾವೆಟ್’ ಎಂಬ ಬಹಳ ಕಠಿಣವಾದ ಒಂದು ಬಗೆಯ ಫಿಟ್ಸಿನ 120 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಶುದ್ಧ ಸಿಬಿಡಿ ತೆಗೆದುಕೊಂಡವರಲ್ಲಿ ತಿಂಗಳಿಗೆ ಸುಮಾರು 12 ಸಲ ಬರುತ್ತಿದ್ದ ಫಿಟ್ಸು 6ಕ್ಕೆ ಇಳಿಯಿತು. ಬರೀ ಹುಸಿಮದ್ದು ಕುಡಿದವರಲ್ಲಿ 15 ಇದ್ದದ್ದು 14ಕ್ಕೆ ನಿಂತಿತು. 2018ರಲ್ಲಿ ಅಮೆರಿಕ ಸರಕಾರ ಆ ಔಷಧವನ್ನು ಡ್ರಾವೆಟ್ ಮತ್ತು ಲೆನಾಕ್ಸ್ ಗ್ಯಾಸ್ಟೋ ಎಂಬ ಎರಡು ಬಗೆಗೆ ಒಪ್ಪಿತು. ನಮ್ಮ ಪುಟ್ಟಿಯದು ಎರಡೂ ಅಲ್ಲ.

ಈ ಪರೀಕ್ಷೆಯಲ್ಲಿ ನನ್ನ ಎದೆ ಧಸಕ್ಕೆಂದ ಜಾಗ ಬೇರೆ. ಆ ಮಕ್ಕಳಲ್ಲಿ ಯಾರ ಹಳೆಯ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ. ಸಿಬಿಡಿ ಕೊಟ್ಟದ್ದು ಅವುಗಳ ಜೊತೆಗೆ. ಫೋನಿನ ಚಿತ್ರದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಆಮೇಲೆ ಪ್ರಮಾಣ. ದಿನಕ್ಕೆ ಮೈತೂಕದ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಕೊಟ್ಟಿದ್ದರು. ಪುಟ್ಟಿಯ ತೂಕ ಆಗ 18 ಕಿಲೋ. ಅಂದರೆ ದಿನಕ್ಕೆ 360 ಮಿಲಿಗ್ರಾಂ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರಿನಲ್ಲಿ ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಆಹಾರವಾಗಿ ಮಾರಲು ಒಪ್ಪಿದಾಗ, ಅದರಲ್ಲಿ ಸಿಬಿಡಿ ಕಿಲೋಗೆ 75 ಮಿಲಿಗ್ರಾಂ ಮೀರಬಾರದು, ಬೀಜ ಮತ್ತು ಎಣ್ಣೆಯಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು ಎಂದು ಕಟ್ಟು ಹಾಕಿತು. ಕರಿಹಲಗೆಯ ಮೇಲೆ ಬಿಡಿಸುವ ಹಾಗೆ ನಾನೊಂದು ಲೆಕ್ಕ ಮಾಡಿದೆ. ಒಂದು ಚಮಚ ಎಣ್ಣೆಯಲ್ಲಿ ಹೆಚ್ಚೆಂದರೆ ಮಿಲಿಗ್ರಾಮಿನ ಮೂರನೆಯ ಒಂದು ಪಾಲು ಸಿಬಿಡಿ. ಪರೀಕ್ಷೆಯ ಪ್ರಮಾಣಕ್ಕೆ ಮುಟ್ಟಬೇಕಾದರೆ ಆ ಕೂಸು ದಿನಾಲು ಹತ್ತಿರ ಹತ್ತಿರ ಐದು ಕಿಲೋ ಎಣ್ಣೆ ಕುಡಿಯಬೇಕಿತ್ತು! ಬೇಕಾದದ್ದರ ಸಾವಿರದ ಒಂದು ಪಾಲನ್ನು ಕೊಟ್ಟು, ಕೆಲಸ ಮಾಡುತ್ತಿದ್ದ ಮಾತ್ರೆಯನ್ನು ಬಿಡಿಸಿದ್ದೆವು. ಐದನೆಯ ಇಯತ್ತೆಯ ಮಗು ಬಿಡಿಸುವ ಲೆಕ್ಕ ಇದು.

ಹಾಗಾದರೆ ಹೂವಿನ ಸಾರವನ್ನೇ ತಂದುಕೊಟ್ಟಿದ್ದರೆ? ಇದನ್ನೂ ಡಾಕ್ಟರನ್ನು ಕೇಳಿದೆ. ಅವಸರ ಮಾಡಬೇಡಿರಿ ಎಂದರು. ನಮ್ಮ ಯಕೃತ್ತು ಎಷ್ಟೋ ಔಷಧಗಳನ್ನು ಕರಗಿಸುವ ಕಿಣ್ವಗಳನ್ನು ಸಿಬಿಡಿ ತಡೆಹಿಡಿಯುತ್ತದೆ. ಮಗು ತೆಗೆದುಕೊಳ್ಳುತ್ತಿದ್ದ ವ್ಯಾಲ್ಪ್ರೊಯೇಟ್ ಮಾತ್ರೆಯ ಜೊತೆ ಅದು ಸೇರಿದರೆ ಯಕೃತ್ತಿಗೆ ಪೆಟ್ಟಾಗುವ ಸಂಭವ ಹೆಚ್ಚು. ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಕ್ಲೋಬಜಾಮ್ ಎಂಬ ಮಾತ್ರೆಯ ಜೊತೆಗಾದರೆ ತೂಕಡಿಕೆ ಏರುತ್ತದೆ. ಹೃದಯದ ಕವಾಟದ ಶಸ್ತ್ರಕ್ರಿಯೆಯಾಗಿ ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ರಕ್ತ ಬೇಕಾದ್ದಕ್ಕಿಂತ ತೆಳುವಾಗಿ ಸ್ರಾವವಾದೀತು. ‘ಗಿಡದ್ದು, ಏನೂ ಆಗೋದಿಲ್ಲ’ ಎಂದು ನಾವು ಹೇಳುತ್ತೇವೆ. ನಿಪ್ಪಾಣಿಯ ತಂಬಾಕಿನ ನೆರೆಯಲ್ಲಿ ಹುಟ್ಟಿ ಬೆಳೆದವರು ಈ ಮಾತು ಆಡಬಾರದು. ತಂಬಾಕೂ ಗಿಡದ್ದೇ ಅಲ್ಲವೇ?

ಇನ್ನು ಬಾಟಲಿಯ ಮೇಲಿನ ಬರಹ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಅಂತರ್ಜಾಲದಲ್ಲಿ ಮಾರುತ್ತಿದ್ದ 84 ಸಿಬಿಡಿ ಸರಕುಗಳನ್ನು ಅಮೆರಿಕದ ಸಂಶೋಧಕರು ಕೊಂಡು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಬರೆದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿಯೂ ಸಿಕ್ಕಿತು. ಮಕ್ಕಳ ಬಾಯಿಗೆ ಹಾಕುವ ಹನಿಯಲ್ಲಿ!

ನಮ್ಮಲ್ಲಿಯ ಕಾಯಿದೆಯೂ ಗಿಡವನ್ನು ಹೋಳು ಮಾಡಿಯೇ ನೋಡುತ್ತದೆ. 1985ರ ಮಾದಕ ವಸ್ತುಗಳ ಕಾಯಿದೆಯಲ್ಲಿ ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿಗಳು. ತುದಿಗಳ ಜೊತೆಗಿಲ್ಲದ ಬೀಜ ಮತ್ತು ಎಲೆ ಆ ವ್ಯಾಖ್ಯೆಯ ಹೊರಗೆ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಭಾಂಗ್ ಇಟ್ಟುಕೊಂಡಿದ್ದ ಒಬ್ಬರಿಗೆ ಜಾಮೀನು ಕೊಡುವಾಗ ಇದನ್ನೇ ಎತ್ತಿ ಹೇಳಿತು. ಆಯುರ್ವೇದದ ಅಂಗಡಿಗಳಲ್ಲಿ ‘ವಿಜಯಾ’ ಎಂಬ ಹೆಸರಿನಿಂದ ಬರುವುದೂ ಇದೇ ಗಿಡ. ಭಂಗವನ್ನು ನಮ್ಮ ಔಷಧ ನಿಯಮಗಳು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿ ಇಟ್ಟಿವೆ. ನಮ್ಮ ಕೃಷ್ಣೆಯೇ ಕೆಳಗೆ ಹರಿದು ಹೋಗುವ ಸುರಪುರ ಸೀಮೆಯ ತಿಂಥಣಿಯಲ್ಲಿ, ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆಂದು 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಒಂದೇ ಗಿಡ ಒಂದು ಕಡೆ ಪ್ರಸಾದ, ಒಂದು ಕಡೆ ಅಪರಾಧ, ಒಂದು ಕಡೆ ಔಷಧ, ಇನ್ನೊಂದು ಕಡೆ ಚಟ್ನಿಯ ಎಣ್ಣೆ. ಯಾವ ಭಾಗ, ಎಷ್ಟು, ಯಾರಿಗೆ ಎಂದು ಕೇಳದೆ ಬರೀ ಹೆಸರು ಹಿಡಿದು ಹೊರಟರೆ ದಾರಿ ತಪ್ಪುವುದೇ.

ನನ್ನ ಮೊಣಕಾಲಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಕೈಗಂಟುಗಳ ಸವೆತ ಮತ್ತು ಸೋರಿಯಾಸಿಸ್‌ನ ಸಂಧಿವಾತ ಇದ್ದವರಿಗೆ ದಿನಕ್ಕೆ 20ರಿಂದ 30 ಮಿಲಿಗ್ರಾಂ ಸಿಬಿಡಿ ಕೊಟ್ಟು ನೋಡಿದ ಡೆನ್ಮಾರ್ಕಿನ ಪರೀಕ್ಷೆಯೊಂದು 2021ರಲ್ಲಿ ಪ್ರಕಟವಾಗಿದೆ. ಹುಸಿಮದ್ದಿಗೂ ಅದಕ್ಕೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲವಂತೆ. ಬೀಜದ ಎಣ್ಣೆ ಕೆಟ್ಟದ್ದೇನಲ್ಲ. ಒಳ್ಳೆಯ ಕೊಬ್ಬು ಅದರಲ್ಲಿದೆ. ಆದರೆ ಅದರಲ್ಲಿರುವ ಒಮೇಗಾ 3 ನಮ್ಮ ಅಗಸಿಯಲ್ಲಿ ಇನ್ನೂ ಹೆಚ್ಚು, ಬೆಲೆ ಎಷ್ಟೋ ಕಡಿಮೆ. ನಾನು ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು, ಮೊಣಕಾಲು ನೋಯುವಾಗ ನೋಯಿಸಿಕೊಂಡು, ಸಂಜೆ ನಾಲ್ಕು ಹೆಜ್ಜೆ ನಡೆಯುತ್ತೇನೆ.

ಡಾಕ್ಟರು ಪುಟ್ಟಿಯ ಮಾತ್ರೆ ಬದಲಿಸಿ, ಹೊತ್ತು ಬದಲಿಸಿ ಕೊಟ್ಟರು. ತೂಕಡಿಕೆ ಬಹಳ ಕಡಿಮೆಯಾಯಿತು. ಮಾತ್ರೆ ಬಿಡುವ ಬದಲು ‘ಕೂಸು ತೂಕಡಿಸತೈತ್ರಿ’ ಎಂದು ಮೊದಲೇ ಹೋಗಿ ಹೇಳಿದ್ದರೆ ಅಂದೇ ಆಗುತ್ತಿದ್ದ ಕೆಲಸ ಅದು. ಡಾಕ್ಟರ ಮುಂದೆ ಬಾಯಿ ಬಿಡಲು ನಮ್ಮ ಹೆಣ್ಣುಮಕ್ಕಳಿಗೆ ಏಕೆ ಅಷ್ಟು ಅಂಜಿಕೆಯೋ! ಇನ್ನೆರಡು ಮಾತು ಅವರೇ ಹೇಳಿಕೊಟ್ಟರು. ಫಿಟ್ಸು ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು, ಬಾಯಲ್ಲಿ ಏನನ್ನೂ ತುರುಕಬಾರದು, ಕೀಲಿಕೈ ಉಳ್ಳಾಗಡ್ಡಿಗಳ ಕೆಲಸವಿಲ್ಲ. ಐದು ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ನಾವು ಅಂದು ಕಾಯುತ್ತ ಕೂತದ್ದು ಹದಿನೈದು ನಿಮಿಷ.

ಮುಂದಿನ ಪಂಚಮಿಗೆ ತಾಯಿ ಮಗಳು ಮತ್ತೆ ಬಂದರು. ನಾನು ಹಿತ್ತಲಲ್ಲಿ ಪುಂಡಿಪಲ್ಯ ಕೊಯ್ಯುತ್ತಿದ್ದೆ. ಪುಂಡಿ ಎಂದು ನಾವು ಕರೆಯುವ ಎರಡು ಜಾತಿಗಳಲ್ಲಿ ನಾರಿನ ಪುಂಡಿಯ ಎಲೆ ಐದು ಬೆರಳು ಹರಡಿದ ಹಾಗಿರುತ್ತದೆ. ಹಿಂದೆ ಅದರ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ‘ಹೈಬಿಸ್ಕಸ್ ಕ್ಯಾನಬಿನಸ್’. ಗಾಂಜಾ ಗಿಡವನ್ನು ಹೋಲುವುದು ಎಂದು ಅರ್ಥ. ಹೋಲುವುದು ಅಷ್ಟೇ, ಸಂಬಂಧವಿಲ್ಲ. ದಾಸವಾಳದ ಬಳಗ ಇದು.

ಪುಟ್ಟಿ ಒಂದು ಎಲೆ ಕಿತ್ತು ಎತ್ತಿ ಹಿಡಿದು ಕೇಳಿದಳು. “ಆಯೀ, ಅವ್ವನ ಫೋನಿನಾಗ ಇತ್ತಲ್ಲ, ಅದ ಗಿಡಾ ಏನ ಇದು?”

ನನ್ನ ತಂಗಿಯ ಮಗಳು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು, ಮಗುವನ್ನು ಕಟ್ಟೆಯ ಮೇಲೆ ಕೂರಿಸಿದೆ.

“ಅಲ್ಲವ್ವಾ. ಹಂಗ ಕಾಣತೈತಿ, ಆದ್ರ ಅದಲ್ಲ. ತಡಿ, ಕನ್ನಡಕಾ ಹಾಕ್ಕೊಂಡು ಬರ್ತೀನಿ” ಎಂದೆ.